ಮೂರು ವಯರು

ಅಂದುಂಞಿ ಬಂದದ್ದು ಅಸರ್ ಬಾಂಗಿನ ಹೊತ್ತಿಗೆ,
ಕಂಕುಳಲ್ಲೊಂದು ಲಾರಿ.
ಮೊಳದುದ್ದ, ಮುಳ್ಳು ಮುಳ್ಳು ಟಯರು,
ಬಾನೆಟ್ಟಿಗೆ ಪ್ಲಾಸ್ಟರು.
"ಇದರ ಇಂಜಿನಿಗೆ ಪ್ರಾಯ ಆಯಿತು ಮಾರಾಯ,
ಚಡಾವಿನಲ್ಲಿ ದಮ್ಮು ಕಟ್ಟುತ್ತದೆ."

ಬಿಚ್ಚಿದೆ.
ಕಾರ್ಬನ್ ಸವೆದು ಸಾಸಿವೆಯಷ್ಟು ಉಳಿದಿತ್ತು,
ಒಳಗೆಲ್ಲ ಕಪ್ಪು ಹುಡಿ, ಸುಟ್ಟ ವಾರ್ನಿಶಿನ ಗುರುತಿನ ವಾಸನೆ.
ಉಪ್ಪಳದ ಈ ವೈಂಡಿಂಗ್ ಅಂಗಡಿಯಲ್ಲಿ ಇಪ್ಪತ್ತಾರು ವರ್ಷ
ನನ್ನ ಅನ್ನ ಬಂದದ್ದು ಈ ಹುಡಿಯಿಂದಲೇ:
ಮಿಕ್ಸಿಯದ್ದು, ಡ್ರಿಲ್ಲಿನದ್ದು, ಮರ ಕೊಯ್ಯುವ ಮಿಶಿನಿನದ್ದು.
ತಿಕ್ಕದೆ ತಿರುಗುವುದು ಯಾವುದೂ ಇಲ್ಲ
ಅಂತ ಹುಡುಗರಿಗೆ ಕಲಿಸಿದವ ನಾನು.

ಅವನು ಕಿಸೆಯಿಂದ ತೆಗೆದ ಹೊಸ ಮೋಟರು,
ದಪ್ಪ ಟಾರ್ಚಿನ ಸೆಲ್ಲಿನಷ್ಟು.
ಕಾರ್ಬನ್ನೇ ಇಲ್ಲದ್ದು.
ಬೆರಳಲ್ಲಿ ತಿರುಗಿಸಿದರೆ ಒಳಗಿನ ಅಯಸ್ಕಾಂತ
ಹೆಜ್ಜೆ ಹೆಜ್ಜೆಗೆ ತಡೆಯುತ್ತದೆ,
ಹೊರಟು ನಿಂತು ಮತ್ತೆ ಮೆಟ್ಟಿಲಲ್ಲಿ ಮಾತು ತೆಗೆಯುವ ನೆಂಟನ ಹಾಗೆ.
ಹೊರಗೆ ಮೂರು ವಯರು.

"ಮತ್ತೆ ಕರೆಂಟು ಒಳಗೆ ಹೋಗುವುದು ಹೇಗೆ?"
"ಹೋಗುವುದಿಲ್ಲ. ತಿರುಗುವವನನ್ನು ಯಾರೂ ಮುಟ್ಟುವುದಿಲ್ಲ.
ಸುತ್ತ ನಿಂತವರು ಸರದಿಯಲ್ಲಿ ಕರೆಯುತ್ತಾರೆ,
ಅವನು ಕರೆದತ್ತ ಹೋಗುತ್ತಾನೆ."
ಅಂದುಂಞಿ ಗಡ್ಡ ತುರಿಸಿದ.
"ನಮ್ಮ ವಾರ್ಡಿನ ಮೆಂಬರು."

ಬ್ಯಾಟರಿಯೂ ಹೊಸತು, ಮೂರು ಸೆಲ್ಲಿನ ಲಿಪೋ,
ಕಾಗದ ಸುತ್ತಿದ ಹಲ್ವದ ಹಾಗೆ ಮೆದು.
ಹಳೆಯದು ಬೈಸಿಕೊಂಡೂ ದುಡಿಯುತ್ತಿತ್ತು.
ಇದಕ್ಕೆ ಮಾನ ಜಾಸ್ತಿ.
ಸೆಲ್ಲಿಗೆ ಮೂರೂವರೆ ವೋಲ್ಟಿನಿಂದ ಕೆಳಗಿಳಿಸಿದೆಯೋ,
ಮುಖ ಊದಿಸಿ ಕೂರುತ್ತದೆ,
ಮತ್ತೆ ಮಾತಿಗೆ ಸಿಗುವುದಿಲ್ಲ.
ಚಾರ್ಜಿಗಿಟ್ಟದ್ದು ಗೋಡೆಯ ಕೆಂಪುಕಲ್ಲಿನ ಗೂಡಿನಲ್ಲಿ,
ಪಕ್ಕದಲ್ಲಿ ಒಂದು ಡಬ್ಬ ಹೊಯಿಗೆ.
"ಈ ಕಲ್ಲು ನಾನೇ ತಂದದ್ದು" ಅಂದ,
"ತೊಂಬತ್ತೆಂಟರಲ್ಲಿ. ನಿನ್ನ ಅಪ್ಪ ಲೋಡಿಗೆ ಐವತ್ತು ಬಾಕಿ ಇಟ್ಟಿದ್ದ."

ಮೂವತ್ತೊಂದು ವರ್ಷ ಕೋರೆಯ ಲೋಡು ಎಳೆದವನು.
ಎಡಗಣ್ಣು ಡಿಮ್ ಆದ ಮೇಲೆ
ಲೈಸೆನ್ಸಿನ ಕಾಗದಕ್ಕೆ ಡಾಕ್ಟರು ಸಹಿ ಹಾಕಲಿಲ್ಲ.
ಆ ಮಾತು ನಾನೂ ಎತ್ತಲಿಲ್ಲ.
ಬೆಸುಗೆ ಹಾಕಿದೆ.

ಮೊದಲ ಸಲ ಒತ್ತಿದರೆ ಲಾರಿ ಹಿಂದಕ್ಕೆ ನುಗ್ಗಿ
ಚಾಯದ ಗ್ಲಾಸು ಉರುಳಿಸಿತು.
ಅವನಿಗೆ ಗಾಬರಿ, ನನಗೆ ನಗೆ.
ತ್ರೀ ಫೇಸಿನ ಪಂಪು ಉಲ್ಟಾ ತಿರುಗಿ ನೀರೆತ್ತದಿದ್ದರೆ ಕೊಡುವ ಮದ್ದೇ ಇದಕ್ಕೂ:
ಮೂರರಲ್ಲಿ ಯಾವುದಾದರೂ ಎರಡು, ಅದಲು ಬದಲು.
ತುಳುವಿನಲ್ಲಿ ಬೈದು, ಮಲಯಾಳದಲ್ಲಿ ಚೌಕಾಸಿ ಮಾಡಿ,
ಕನ್ನಡದಲ್ಲಿ ರಶೀದಿ ಬರೆಯುವವನಿಗೆ
ಇದೇನು ದೊಡ್ಡ ವಿದ್ಯೆ ಅಲ್ಲ.

ಪೈವಳಿಕೆ ಗುಡ್ಡೆಯ ಬಿಟ್ಟ ಕೋರೆ.
ಗರಗಸ ಗೀರಿದ ಕೆಂಪು ಗೋಡೆಗಳು, ತಳದಲ್ಲಿ ಮಂಡಿಯಷ್ಟು ಹಸಿರು ನೀರು,
ಒಂದು ಕಾಲದ ಲಾರಿದಾರಿ, ಈಗ ಬರೀ ಜಲ್ಲಿ.
ಅವನು ರಿಮೋಟು ಎದೆಗೆ ಹಿಡಿದು ನಿಂತ.
ಲಾರಿ ಹೊರಟದ್ದು ಕಾಣಲಿಲ್ಲ.
ಗುಡುಗುಡು ಇಲ್ಲ, ಹೊಗೆ ಇಲ್ಲ,
ಸಪೂರ ಸಿಳ್ಳೆ, ಅದರ ಹಿಂದೆ ಒಂದು ಗೆರೆ ಧೂಳು.
ತಿರುವಿನಲ್ಲಿ ಅಂದುಂಞಿಯ ಎಡಗಾಲು
ಇಲ್ಲದ ಕ್ಲಚ್ಚನ್ನು ಒತ್ತಿತು.
ಚಡಾವಿನ ನೆತ್ತಿಯಲ್ಲಿ, ಟಕ್.

ಮೋಟರು ಕಿರುಚುತ್ತದೆ, ಗಾಲಿಗೆ ಕೇಳಿಸುವುದಿಲ್ಲ.
ಪ್ಲಾಸ್ಟಿಕ್ ಗೇರಿನ ಹಲ್ಲೆಲ್ಲ ಉದುರಿತ್ತು.

"ಉಕ್ಕಿನದ್ದು ಹಾಕು."
"ಹಾಕಿದರೆ ಮುಂದೆ ಆಕ್ಸಲು ಹೋಗುತ್ತದೆ."
"ಹೋಗಲಿ, ಅದನ್ನೂ ಹಾಕುವ."
"ಮತ್ತೆ ಚಾಸಿಸ್ಸು..."
"ನಿನಗೆ ಬೇರೆ ಕೆಲಸ ಎಂತ ಉಂಟು ಈಗ?"

ಅದೂ ಹೌದು.

ಬ್ಯಾಟರಿಯಲ್ಲಿ ಇನ್ನೂ ಅರ್ಧ ಬಾಕಿ.
ಬೆಚ್ಚಗಿನ ಲಾರಿಯನ್ನು ಕಂಕುಳಲ್ಲಿಟ್ಟು ನಾನು ಮುಂದೆ,
ಅವನು ಹಿಂದೆ, ಒಂದೇ ಕಣ್ಣಿನಲ್ಲಿ ದಾರಿ ಓದುತ್ತಾ.
ಕತ್ತಲೆ ಇಳಿದಿತ್ತು. ನನಗೆ ಜಲ್ಲಿಯೂ ನೀರೂ ಒಂದೇ ಬಣ್ಣ.
"ಬಲಕ್ಕೆ ತೆಗಿ" ಅಂದ,
"ಅಲ್ಲಿ ಹೊಂಡ ಉಂಟು."

ನಾನು ಬಲಕ್ಕೆ ತೆಗೆದೆ.